ದಿನಕ್ಕೊಂದು ಮಿಲಿಮೀಟರ್ ಮೂಳೆ

ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಮಲಗುವ ಮುನ್ನ. ಈ ನಾಲ್ಕು ಹೊತ್ತೂ ನಾನು ತಮ್ಮನ ಮಂಚದ ಪಕ್ಕ ಕುಳಿತು, ಅವನ ಕಾಲನ್ನು ಸುತ್ತುವರಿದಿದ್ದ ಲೋಹದ ರಿಂಗ್‌ಗಳ ನಟ್ಟು ತಿರುಗಿಸುತ್ತಿದ್ದೆ. ಕೈಯಲ್ಲಿದ್ದದ್ದು ಹತ್ತನೇ ನಂಬರ್ ಸ್ಪ್ಯಾನರ್, ಬೈಕ್ ರಿಪೇರಿ ಅಂಗಡಿಯಲ್ಲಿ ಇರುವಂಥದೇ. ಲೆಕ್ಕ ತಪ್ಪಬಾರದೆಂದು ಪ್ರತಿ ನಟ್ಟಿನ ಮೇಲೂ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟುಕೊಂಡಿದ್ದೆವು. ಚುಕ್ಕೆ ಗಡಿಯಾರದ ಹನ್ನೆರಡರ ಜಾಗದಿಂದ ಮೂರಕ್ಕೆ ಬಂದರೆ ಆ ಹೊತ್ತಿನ ಕೆಲಸ ಮುಗಿಯಿತು. ಮೂಳೆ 0.25 ಮಿಲಿಮೀಟರ್ ಸರಿದಿರುತ್ತಿತ್ತು.

ಹೆದ್ದಾರಿಯಲ್ಲಿ ಲಾರಿಯೊಂದು ತಮ್ಮನ ಬೈಕಿಗೆ ತಾಗಿ, ಅವನ ಎಡಗಾಲಿನ ಮೊಣಕಾಲ ಕೆಳಗಿನ ದೊಡ್ಡ ಮೂಳೆ ಚೂರಾಗಿತ್ತು. ಸತ್ತುಹೋದ ಚೂರುಗಳನ್ನೆಲ್ಲ ತೆಗೆದ ಮೇಲೆ ಮಿಕ್ಕ ಎರಡು ತುದಿಗಳ ನಡುವೆ 7 ಸೆಂಟಿಮೀಟರ್ ಖಾಲಿ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ವೈದ್ಯರು ಆ ಕಪ್ಪು ಜಾಗವನ್ನು ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಇಲ್ಲದ ಮೂಳೆಯನ್ನು ಎಲ್ಲಿಂದ ತರುತ್ತೀರಿ ಡಾಕ್ಟರೇ?"

ಇಂಥ ಕಾಲಿನ ಚಿಕಿತ್ಸೆಯಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಮುಂದಿನ ಹದಿಮೂರು ತಿಂಗಳಲ್ಲಿ ನಾನು ಓದಿ, ಕೇಳಿ, ಕಣ್ಣಾರೆ ನೋಡಿ ತಿಳಿದುಕೊಂಡದ್ದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲಿಗೆ, ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುವುದು ಹೇಗೆ? ಮುರಿದ ಜಾಗದಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಹೊಸ ರಕ್ತನಾಳಗಳೂ ಜೀವಕೋಶಗಳೂ ನುಗ್ಗಿ, ಮೊದಲು ನಾರು ಮತ್ತು ಮೃದ್ವಸ್ಥಿಯ ಮೆತ್ತನೆಯ ಗಂಟನ್ನು ಕಟ್ಟುತ್ತವೆ. ಕೆಲವು ವಾರಗಳಲ್ಲಿ ಅದರಲ್ಲಿ ಸುಣ್ಣದಂಶ ತುಂಬಿ ಗಟ್ಟಿಯಾಗುತ್ತದೆ. ಮುಂದೆ ತಿಂಗಳುಗಟ್ಟಲೆ ದೇಹ ಆ ಗಂಟನ್ನು ಕೆತ್ತಿ, ತಿದ್ದಿ, ಹಳೆಯ ಆಕಾರಕ್ಕೆ ತರುತ್ತದೆ. ಚರ್ಮ ಸೀಳಿದರೆ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಮತ್ತೆ ಮೂಳೆಯಾಗಿಯೇ ಕೂಡುತ್ತದೆ. ನಮ್ಮ ಒಡಲಲ್ಲಿ ಇಂಥ ಶಕ್ತಿಯುಳ್ಳ ಅಂಗಗಳು ಬಹಳ ಕಡಿಮೆ.

ಆದರೆ ಈ ಕೆಲಸ ನಡೆಯಲು ಎರಡು ತುದಿಗಳು ಹತ್ತಿರ ಇರಬೇಕು, ಅಲುಗಾಟ ಹತೋಟಿಯಲ್ಲಿರಬೇಕು, ಸುತ್ತ ರಕ್ತ ಸಂಚಾರ ಇರಬೇಕು. ಸಣ್ಣ ಕಾಲುವೆಯನ್ನು ಜಿಗಿದು ದಾಟಬಹುದು, ಹೊಳೆಯನ್ನು ದಾಟಲಾಗದು. ಮೂಳೆಯ ದಪ್ಪದ ಎರಡು ಪಟ್ಟಿಗಿಂತ ಹೆಚ್ಚು ಉದ್ದದ ಭಾಗ ಇಲ್ಲವಾದರೆ ದೇಹ ತಾನಾಗಿ ಅದನ್ನು ತುಂಬುವ ಆಸೆ ಬಿಡಬೇಕು ಎಂಬುದು ಮೂಳೆ ವೈದ್ಯರ ಸಾಮಾನ್ಯ ಲೆಕ್ಕ. ಮೊಣಕಾಲ ಕೆಳಗಿನ ಮೂಳೆಯಲ್ಲಿ 2–3 ಸೆಂಟಿಮೀಟರ್ ಹೋದರೂ ಆತಂಕ ಶುರುವಾಗುತ್ತದೆ.

ಅದೇ ಮೂಳೆಗೆ ಯಾಕೆ ಅಷ್ಟು ಕಷ್ಟ ಎಂಬುದು ತಿಳಿಯಬೇಕಾದರೆ ನಿಮ್ಮ ಕೈಯನ್ನು ಮೊಣಕಾಲಿನಿಂದ ಕೆಳಕ್ಕೆ, ಮುಂಭಾಗದ ಒಳಬದಿಯಲ್ಲಿ ಸವರಿ ನೋಡಿ. ಬೆರಳಿಗೆ ನೇರವಾಗಿ ಮೂಳೆಯೇ ಸಿಗುತ್ತದೆ. ಟಿಬಿಯಾ ಎಂಬ ಈ ಮೂಳೆಗೆ ಹಿಂಬದಿಯಲ್ಲಿ ಮೀನಖಂಡದ ದಪ್ಪ ಸ್ನಾಯು ಇದೆ, ಮುಂದೆ ಇರುವುದು ಬರೀ ಚರ್ಮದ ಹೊದಿಕೆ. ತೊಡೆಮೂಳೆಯನ್ನು ಎಲ್ಲ ಕಡೆಯಿಂದಲೂ ಸ್ನಾಯುಗಳು ಅಪ್ಪಿಕೊಂಡು ರಕ್ತ ಉಣಿಸುತ್ತವೆ. ಟಿಬಿಯಾಗೆ, ಅದರಲ್ಲೂ ಪಾದದ ಗಂಟಿನ ಕಡೆಯ ಮೂರನೇ ಒಂದು ಭಾಗಕ್ಕೆ, ಆ ಭಾಗ್ಯವಿಲ್ಲ. ಪೆಟ್ಟು ಬಿದ್ದರೆ ಚರ್ಮ ಹರಿದು ಮೂಳೆ ಹೊರಗೆ ಬರುವುದೂ ಇಲ್ಲೇ ಹೆಚ್ಚು. ಹೊರಬಂದ ಮೂಳೆಗೆ ಮಣ್ಣು, ಬಟ್ಟೆಯ ನೂಲು, ರಸ್ತೆಯ ಗ್ರೀಸ್ ಅಂಟಿದರೆ ಮುರಿತದ ಜೊತೆ ಸೋಂಕೂ ಸೇರಿತು. ಇಂಥ ತೆರೆದ ಮುರಿತಗಳನ್ನು ಗುಸ್ಟಿಲೊ ಮತ್ತು ಆ್ಯಂಡರ್ಸನ್ ಎಂಬ ವೈದ್ಯರು 1976ರಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸಿದರು. ಮೂರನೆಯ ದರ್ಜೆಯನ್ನು 1984ರಲ್ಲಿ ಮತ್ತೆ ಎ, ಬಿ, ಸಿ ಎಂದು ಒಡೆಯಲಾಯಿತು. ಮೂಳೆ ಮುಚ್ಚಲು ಸಾಕಷ್ಟು ಚರ್ಮ, ಮಾಂಸ ಉಳಿದಿಲ್ಲದಿದ್ದರೆ 3ಬಿ. ಜೋಡಿಸಲೇಬೇಕಾದ ರಕ್ತನಾಳ ಹರಿದಿದ್ದರೆ 3ಸಿ. ತಮ್ಮನ ಚೀಟಿಯಲ್ಲಿ ಬರೆದಿದ್ದದ್ದು 3ಬಿ.

ಮೂಳೆ ಬೆಳೆಸುವ ಮಾತು ಇಲ್ಲಿಂದ ಎಷ್ಟೋ ದೂರ. ಮೊದಲು ಆ್ಯಂಟಿಬಯಾಟಿಕ್, ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಆಮೇಲೆ ಗಾಯವನ್ನು ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಸತ್ತ ಚರ್ಮ, ಸತ್ತ ಸ್ನಾಯು, ಸತ್ತ ಮೂಳೆಯನ್ನು ಕತ್ತರಿಸಿ ತೆಗೆಯುವುದು. ಈ ಹಂತ ಮನೆಯವರಿಗೆ ಅರ್ಥವಾಗುವುದು ಬಹಳ ಕಷ್ಟ. ಇದ್ದ ಮೂಳೆಯನ್ನೂ ತೆಗೆಯುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಮ್ಮ ವಿಷಯದಲ್ಲಿ ಮೊದಲು ಹೋದ ಆಸ್ಪತ್ರೆಯಲ್ಲಿ ಅಷ್ಟು ಧೈರ್ಯ ಮಾಡಲಿಲ್ಲ. ಚೂರುಗಳನ್ನು ಹಾಗೇ ಒಳಗೆ ಕೂರಿಸಿ ಪ್ಲೇಟ್ ಹಾಕಿ, ಬಿಗಿದು ಹೊಲಿಗೆ ಹಾಕಿದರು. ಮೂರನೆಯ ವಾರ ಹೊಲಿಗೆಯ ಸಂದಿನಿಂದ ಕೀವು ಇಳಿಯಲು ಶುರುವಾಯಿತು. ರಕ್ತ ಸಂಚಾರವಿಲ್ಲದ ಮೂಳೆಯ ಚೂರು ರೋಗಾಣುಗಳಿಗೆ ಕೋಟೆಯಿದ್ದಂತೆ. ರಕ್ತ ಹೋಗದ ಕಡೆಗೆ ಔಷಧವೂ ಹೋಗುವುದಿಲ್ಲ. ಎರಡನೆಯ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಪ್ಲೇಟ್ ತೆಗೆದು, ಮೂಳೆಯ ತುದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಕೆತ್ತುತ್ತಾ ಹೋದರು. ಕೆತ್ತಿದ ಮುಖದಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳಾಗಿ ರಕ್ತ ಒಸರುವವರೆಗೆ ಕೆತ್ತಬೇಕು, ಒಸರಿದರೆ ಅಲ್ಲಿಂದಾಚೆ ಜೀವ ಇದೆ ಎಂದರ್ಥ ಎಂದು ಅವರು ನಮಗೆ ಕಾಗದದ ಮೇಲೆ ಬರೆದು ತೋರಿಸಿದರು. ಹಾಗೆ ಕೆತ್ತಿದ್ದರಿಂದಲೇ ಆ 7 ಸೆಂಟಿಮೀಟರ್ ಖಾಲಿ ಬಂತು. ಆಮೇಲೆ ಪ್ಲಾಸ್ಟಿಕ್ ಸರ್ಜನ್ ಬಂದು ಮೀನಖಂಡದ ಸ್ನಾಯುವಿನ ಒಂದು ಭಾಗವನ್ನು ಅದರ ರಕ್ತನಾಳದ ಸಮೇತ ಮುಂದಕ್ಕೆ ತಿರುಗಿಸಿ ಗಾಯ ಮುಚ್ಚಿದರು. ಇದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಹಸನು ಮಾಡದ ಹೊಲದಲ್ಲಿ ಬಿತ್ತನೆ ಮಾಡಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ.

ಇನ್ನು ಇಲ್ಲದ ಮೂಳೆಯನ್ನು ತರುವ ದಾರಿ. ಮುಖ್ಯವಾದವು ಮೂರು. ನಮ್ಮ ಪಾಲಿಗೆ ಬಂದದ್ದು ರಿಂಗ್‌ನ ದಾರಿ, ಅದನ್ನೇ ವಿವರವಾಗಿ ಹೇಳುತ್ತೇನೆ.

ಗವ್ರೀಲ್ ಇಲಿಜರೋವ್ ಎಂಬ ವೈದ್ಯರು 1944ರಲ್ಲಿ ಪದವಿ ಮುಗಿಸಿದ ಮೇಲೆ ಪಶ್ಚಿಮ ಸೈಬೀರಿಯಾದ ಕುರ್ಗಾನ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಯುದ್ಧದಿಂದ ಕಾಲು ಮುರಿದುಕೊಂಡು, ಮೂಳೆ ಕೂಡದೆ ನರಳುತ್ತಿದ್ದ ಸೈನಿಕರಿಗೆ ಲೆಕ್ಕವಿರಲಿಲ್ಲ. ಔಷಧಕ್ಕೂ ಸಲಕರಣೆಗೂ ಬರ. 1950ರ ದಶಕದ ಆರಂಭದಲ್ಲಿ ಅವರು ಕಾಲಿನ ಸುತ್ತ ಲೋಹದ ರಿಂಗ್‌ಗಳನ್ನು ಇಟ್ಟು, ತೆಳ್ಳನೆಯ ಕಡ್ಡಿಗಳನ್ನು ಮೂಳೆಯ ಮೂಲಕ ಅಡ್ಡಡ್ಡ ಹಾಯಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ರಿಂಗ್‌ಗೆ ಎಳೆದು ಬಿಗಿಯುವ ಸಾಧನವನ್ನು ರೂಪಿಸಿದರು. ಮುರಿದ ತುದಿಗಳನ್ನು ಒತ್ತಿ ಹಿಡಿಯುವುದು ಅದರ ಮೊದಲ ಉದ್ದೇಶ. ಮುಂದೆ ಅವರು ಕಂಡುಕೊಂಡದ್ದು ಅದಕ್ಕಿಂತ ದೊಡ್ಡದು. ಕೂಡಲು ಶುರುವಾದ ಮೂಳೆಯ ಎರಡು ತುದಿಗಳನ್ನು ನಿಧಾನವಾಗಿ ಒಂದರಿಂದೊಂದು ದೂರ ಎಳೆದರೆ, ನಡುವಿನ ಸಂದಿಯಲ್ಲಿ ಹೊಸ ಮೂಳೆ ಹುಟ್ಟುತ್ತಾ ಹೋಗುತ್ತದೆ. ಮೂಳೆಯ ಜೊತೆ ಸ್ನಾಯು, ನರ, ರಕ್ತನಾಳ, ಚರ್ಮವೂ ಬೆಳೆಯುತ್ತವೆ.

ಎತ್ತರ ಜಿಗಿತದಲ್ಲಿ 1964ರ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಜಜ್ಜಿಕೊಂಡರು. ಎಷ್ಟೋ ಶಸ್ತ್ರಚಿಕಿತ್ಸೆಗಳು ಸೋತ ಮೇಲೆ ಇಲಿಜರೋವ್ ಬಳಿ ಹೋಗಿ, ಕಾಲು ಉಳಿಸಿಕೊಂಡು, ಮತ್ತೆ ಎರಡು ಮೀಟರ್‌ಗೂ ಮೇಲೆ ಹಾರಿದರು. ಸೋವಿಯತ್ ದೇಶದಲ್ಲಿ ಮನೆಮಾತಾದ ಈ ವಿಧಾನ ಪಶ್ಚಿಮಕ್ಕೆ ತಲುಪಿದ್ದು ಒಬ್ಬ ರೋಗಿಯ ಮೂಲಕ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿಯ ಕಾಲು ಹಳೆಯ ಮುರಿತದಿಂದ ವಕ್ರವಾಗಿ ಗಿಡ್ಡವಾಗಿತ್ತು. ಸಮುದ್ರಯಾನದಲ್ಲಿ ಜೊತೆಗಿದ್ದ ರಷ್ಯಾದ ವೈದ್ಯ ಯೂರಿ ಸೆಂಕೆವಿಚ್ ಅವರ ಸಲಹೆಯಂತೆ 1980ರಲ್ಲಿ ಕುರ್ಗಾನ್‌ಗೆ ಹೋದ ಮೌರಿ ನೆಟ್ಟಗೆ ನಡೆಯುತ್ತಾ ಮನೆಗೆ ಮರಳಿದರು. ಬೆರಗಾದ ಇಟಲಿಯ ವೈದ್ಯರು 1981ರಲ್ಲಿ ಇಲಿಜರೋವ್ ಅವರನ್ನೇ ಕರೆಸಿ ಮಾತನಾಡಿಸಿದರು. ಅಲ್ಲಿಂದ ರಿಂಗ್ ಜಗತ್ತಿಗೆಲ್ಲ ಹರಡಿತು. ಇವತ್ತು ಕರ್ನಾಟಕದ ದೊಡ್ಡ ಆಸ್ಪತ್ರೆಗಳ ಮೂಳೆ ವಾರ್ಡ್‌ಗಳಲ್ಲಿ "ರಿಂಗ್ ಹಾಕಿದ್ದಾರೆ" ಎಂದರೆ ಯಾರಿಗೂ ವಿವರಣೆ ಬೇಕಿಲ್ಲ.

ಈಗ ನಟ್ಟಿನ ಲೆಕ್ಕಕ್ಕೆ ಬರೋಣ. ಖಾಲಿ ಜಾಗ ಕಾಲಿನ ಕೆಳಭಾಗದಲ್ಲಿದೆ ಎಂದುಕೊಳ್ಳಿ. ಶಸ್ತ್ರಚಿಕಿತ್ಸಕರು ಆ ಜಾಗವನ್ನು ಹಾಗೇ ಬಿಟ್ಟು, ಮೇಲೆ ಮೊಣಕಾಲಿನ ಹತ್ತಿರ, ಆರೋಗ್ಯವಾಗಿರುವ ಮೂಳೆಯನ್ನು ಬೇಕೆಂದೇ ಕತ್ತರಿಸುತ್ತಾರೆ. ಅದೂ ಹುಷಾರಾಗಿ. ಗರಗಸದ ಬಿಸಿ ತಾಗದಂತೆ, ಹೊರಪೊರೆ ಹಾಳಾಗದಂತೆ, ಉಳಿಯಿಂದ ಮೆಲ್ಲಗೆ. ಈಗ ನಡುವೆ ಒಂದು ಬಿಡಿ ತುಂಡು ಉಳಿಯಿತು. ಅದಕ್ಕೆ ರಕ್ತ ಹರಿಯುತ್ತಿದೆ, ಅದರ ಕಡ್ಡಿಗಳು ಒಂದು ಪ್ರತ್ಯೇಕ ರಿಂಗ್‌ಗೆ ಬಿಗಿದಿವೆ. ಐದರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಏನೂ ಮಾಡದೆ ಕಾಯಬೇಕು. ಕತ್ತರಿಸಿದ ಜಾಗದಲ್ಲಿ ಮೆತ್ತನೆಯ ಗಂಟು ಕಟ್ಟಲು ಆ ಬಿಡುವು. ಆಮೇಲೆ ನಟ್ಟು ತಿರುಗಿಸಲು ಶುರು. ರಿಂಗ್‌ಗಳನ್ನು ಜೋಡಿಸುವ ರಾಡ್‌ನ ತಿರುಪಿನ ಲೆಕ್ಕ ಹೇಗಿದೆಯೆಂದರೆ ನಟ್ಟು ಒಂದು ಪೂರ್ತಿ ಸುತ್ತು ಸುತ್ತಿದರೆ 1 ಮಿಲಿಮೀಟರ್. ಅದನ್ನು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಹೊತ್ತಿಗೆ 0.25. ನಡುವಿನ ತುಂಡು ದಿನಕ್ಕೆ 1 ಮಿಲಿಮೀಟರ್‌ನಂತೆ ಕೆಳಕ್ಕೆ ಸರಿಯುತ್ತದೆ. ಕೆಳಗಿನ ಖಾಲಿ ಅಷ್ಟು ಕಿರಿದಾಗುತ್ತದೆ, ಮೇಲೆ ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅದಕ್ಕಿಂತ ವೇಗವಾಗಿ ಎಳೆದರೆ ಹೊಸ ಮೂಳೆ ಹಿಗ್ಗಲಾರದೆ ಬರೀ ನಾರಾಗಿ ಉಳಿಯುತ್ತದೆ, ನರಗಳು ನೋಯುತ್ತವೆ. ತೀರಾ ನಿಧಾನ ಮಾಡಿದರೆ ಸಂದು ಅವಧಿಗೆ ಮುನ್ನವೇ ಗಟ್ಟಿಯಾಗಿ, ತುಂಡು ಮುಂದೆ ಸರಿಯುವುದೇ ಇಲ್ಲ. ಹೊಸ ಮೂಳೆ ಕಟ್ಟುವ ಜೀವಕೋಶಗಳಿಗೂ ಒಂದು ನಡಿಗೆ ಇದೆ. ನಮ್ಮ ಅವಸರಕ್ಕೆ ಅವು ಓಡುವುದಿಲ್ಲ.

7 ಸೆಂಟಿಮೀಟರ್ ಎಂದರೆ 70 ದಿನ. ಅಲ್ಲಿಗೆ ಮುಗಿಯಿತೆಂದು ನಾವೂ ಅಂದುಕೊಂಡಿದ್ದೆವು. ಹಾಗಲ್ಲ. ಹುಟ್ಟಿದ ಮೂಳೆ ಎಳೆಯದು, ಎಕ್ಸ್‌ರೇಯಲ್ಲಿ ಮಂಜಿನ ಎಳೆಗಳಂತೆ ಕಾಣುತ್ತದೆ. ಅದು ದೇಹದ ಭಾರ ಹೊರುವಷ್ಟು ಬಲಿಯಲು ಎಳೆದ ಸಮಯದ ಎರಡು ಪಟ್ಟಾದರೂ ಬೇಕು. ಕೆಳಕ್ಕೆ ಬಂದು ತಲುಪಿದ ತುಂಡು ಅಲ್ಲಿನ ತುದಿಗೆ ಕೂಡಲು ಇನ್ನೂ ಸಮಯ. ಆ ಕೂಡುವ ಜಾಗ ಬಹಳ ಸಲ ಹಟ ಮಾಡುತ್ತದೆ. ನಡುವೆ ನಾರು ಸೇರಿಕೊಂಡಿದ್ದರೆ ತೆರೆದು ಸ್ವಚ್ಛ ಮಾಡಿ ಒಂದಿಷ್ಟು ಮೂಳೆಯ ಪುಡಿ ತುಂಬಬೇಕಾಗುತ್ತದೆ. ತಮ್ಮನಿಗೂ ಅದು ತಪ್ಪಲಿಲ್ಲ. ಎಲ್ಲ ಸೇರಿ ಒಂದು ಸೆಂಟಿಮೀಟರ್‌ಗೆ ಒಂದೂವರೆ ತಿಂಗಳಷ್ಟು ರಿಂಗ್ ಇರಬೇಕಾಗಬಹುದು ಎಂಬ ಲೆಕ್ಕವನ್ನು ಮನೆಯವರು ಮೊದಲ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮೂರು ತಿಂಗಳೆಂದುಕೊಂಡು ಹೊರಟವರಿಗೆ ಆರನೆಯ ತಿಂಗಳು ಬಹಳ ಕಹಿಯಾಗಿರುತ್ತದೆ.

ಎರಡನೆಯ ದಾರಿ ಫ್ರಾನ್ಸ್‌ನ ಶಸ್ತ್ರಚಿಕಿತ್ಸಕ ಅಲಾಂ ಮಾಸ್ಕೆಲೆ ಅವರದು. 1980ರ ದಶಕದಲ್ಲಿ ಶುರುಮಾಡಿ 2000ದಲ್ಲಿ ವಿವರವಾಗಿ ಪ್ರಕಟಿಸಿದ ಈ ವಿಧಾನ ಎರಡು ಹಂತದ್ದು. ಖಾಲಿ ಜಾಗದಲ್ಲಿ ಮೊದಲು ಬೋನ್ ಸಿಮೆಂಟಿನ, ಎಂದರೆ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಪ್ಲಾಸ್ಟಿಕ್‌ನಂಥ ವಸ್ತುವಿನ, ಒಂದು ಗಟ್ಟಿ ದಿಂಡು ಇಡುತ್ತಾರೆ, ಹಲವು ಸಲ ಆ್ಯಂಟಿಬಯಾಟಿಕ್ ಬೆರೆಸಿ. ಆರರಿಂದ ಎಂಟು ವಾರಗಳಲ್ಲಿ ದೇಹ ಆ ಪರಕೀಯ ವಸ್ತುವಿನ ಸುತ್ತ ಒಂದು ತೆಳ್ಳನೆಯ ಪೊರೆ ನೇಯುತ್ತದೆ. ನೋಡಲು ಬರೀ ಪೊರೆ, ಆದರೆ ಅದರ ತುಂಬ ರಕ್ತನಾಳಗಳು, ಮೂಳೆ ಬೆಳೆಯಲು ಪ್ರೇರೇಪಿಸುವ ಪ್ರೋಟೀನ್‌ಗಳು. ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಪೊರೆಯನ್ನು ಮೆಲ್ಲಗೆ ಸೀಳಿ, ಸಿಮೆಂಟ್ ತೆಗೆದು, ರೋಗಿಯದೇ ಸೊಂಟದ ಮೂಳೆಯಿಂದಲೋ ತೊಡೆಮೂಳೆಯ ಒಳಗೊಳವೆಯಿಂದಲೋ ಕೆರೆದು ತೆಗೆದ ಮೆತ್ತನೆಯ ಮೂಳೆಯನ್ನು ಆ ಚೀಲದೊಳಗೆ ತುಂಬಿ ಹೊಲಿಯುತ್ತಾರೆ. ಪೊರೆಯಿಲ್ಲದೆ ಅಷ್ಟು ದೊಡ್ಡ ಖಾಲಿಗೆ ಮೂಳೆ ಕಸಿ ಮಾಡಿದರೆ ಬಹುಪಾಲು ಕರಗಿ ಹೋಗುತ್ತದೆ. ಪೊರೆ ಅದನ್ನು ಕರಗಲು ಬಿಡದೆ ಸಾಕುತ್ತದೆ. ತಿಂಗಳುಗಟ್ಟಲೆ ನಟ್ಟು ತಿರುಗಿಸುವ ಕೆಲಸ ಇಲ್ಲ, ಒಳಗಿನ ರಾಡ್ ಇಟ್ಟರೆ ಹೊರಗೆ ರಿಂಗ್ ಕೂಡ ಬೇಡ. ಆದರೆ ಸೋಂಕು ಪೂರ್ತಿ ಹೋಗಿರಬೇಕು, ತುಂಬಲು ಬೇಕಾದಷ್ಟು ಮೂಳೆ ರೋಗಿಯ ಒಡಲಲ್ಲೇ ಸಿಗಬೇಕು, ಮೇಲೆ ಒಳ್ಳೆಯ ಚರ್ಮದ ಹೊದಿಕೆ ಇರಬೇಕು. ದೇಹವು ಮುಳ್ಳು ಹೊಕ್ಕರೂ ಸುತ್ತ ಪೊರೆ ಕಟ್ಟುವುದು ನಮಗೆಲ್ಲ ಗೊತ್ತು. ಆ ಸ್ವಭಾವವನ್ನೇ ಗುಣಪಡಿಸುವ ಸಾಧನವಾಗಿ ಬಳಸಿಕೊಂಡ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಮೂರನೆಯದು, ಟಿಬಿಯಾದ ಪಕ್ಕದಲ್ಲೇ ಇರುವ ಫಿಬ್ಯುಲಾ ಎಂಬ ಸಣಕಲು ಮೂಳೆಯನ್ನು, ಸಾಮಾನ್ಯವಾಗಿ ಇನ್ನೊಂದು ಕಾಲಿನಿಂದ, ರಕ್ತನಾಳಗಳ ಸಮೇತ ಎತ್ತಿ ಖಾಲಿ ಜಾಗದಲ್ಲಿ ಕೂರಿಸುವುದು. ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ದಾರದಿಂದ ನಾಳಗಳನ್ನು ಹೊಲಿಯಬೇಕು. ಆಸ್ಟ್ರೇಲಿಯಾದ ಇಯಾನ್ ಟೇಲರ್ 1975ರಲ್ಲಿ ಇದನ್ನು ಪ್ರಕಟಿಸಿದರು. ಪಾದದ ಗಂಟು ಸಡಿಲವಾಗದಂತೆ ಕೆಳಗಿನ ಕೆಲವು ಸೆಂಟಿಮೀಟರ್ ಬಿಟ್ಟರೆ ಫಿಬ್ಯುಲಾದ ಬಹುಭಾಗವನ್ನು ಕೊಟ್ಟುಬಿಡಬಹುದು. ಭಾರ ಹೊರುತ್ತಾ ಹೊರುತ್ತಾ ಆ ಸಣಕಲು ಮೂಳೆ ವರ್ಷಗಳಲ್ಲಿ ದಪ್ಪವಾಗುತ್ತದೆ. ತುಂಬ ಉದ್ದದ ಖಾಲಿಗೆ ಇದು ಒಳ್ಳೆಯ ದಾರಿ, ಆದರೆ ಅಂಥ ಕೈಗಳಿರುವ ಆಸ್ಪತ್ರೆಗಳು ಕಡಿಮೆ.

ಎಲ್ಲ ಕಾಲನ್ನೂ ಉಳಿಸಬೇಕೆ? ಈ ಪ್ರಶ್ನೆಯನ್ನು ನಮ್ಮ ಮುಂದೆಯೂ ಇಟ್ಟಿದ್ದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಇಂಥ ಹೊತ್ತಿನಲ್ಲಿ ದೇಶವಿದೇಶಗಳಲ್ಲಿ ಬಳಕೆಯಲ್ಲಿದೆ. ಚರ್ಮ, ಮೂಳೆ, ಸ್ನಾಯು–ನರ ಈ ಮೂರಕ್ಕೂ ಒಂದರಿಂದ ಐದರವರೆಗೆ ಅಂಕ, ಜೊತೆಗೆ ಮಧುಮೇಹದಂಥ ತೊಡಕುಗಳಿಗೆ ತಲಾ ಎರಡು. ಮೊತ್ತ 14 ಅಥವಾ ಕಡಿಮೆ ಇದ್ದರೆ ಕಾಲು ಉಳಿಸಲು ಪ್ರಯತ್ನಿಸಬಹುದು. 17 ಮತ್ತು ಮೇಲಿದ್ದರೆ ಸಾಮಾನ್ಯವಾಗಿ ಕಾಲು ತೆಗೆಯುವುದೇ ಮೇಲು. ನಡುವಿನ 15, 16 ವೈದ್ಯರ ವಿವೇಚನೆಗೆ ಬಿಟ್ಟದ್ದು. ಅಮೆರಿಕದ ಎಂಟು ಅಪಘಾತ ಚಿಕಿತ್ಸಾ ಕೇಂದ್ರಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಲು ಉಳಿಸಿಕೊಂಡವರನ್ನೂ ಕಳೆದುಕೊಂಡವರನ್ನೂ ಎರಡು ವರ್ಷಗಳ ಮೇಲೆ ಹೋಲಿಸಿ ನೋಡಿತು. ಬದುಕು ನಡೆಸುವ ಸಾಮರ್ಥ್ಯದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಬಡತನ, ಧೂಮಪಾನ, ಜೊತೆಗೆ ನಿಲ್ಲುವ ಜನರಿಲ್ಲದಿರುವುದು ಇವೇ ಇಬ್ಬರನ್ನೂ ಹಿಂದಕ್ಕೆಳೆದ ಸಂಗತಿಗಳಲ್ಲಿ ಮುಖ್ಯವಾದವು. ಕಾಲು ತೆಗೆಸಿಕೊಂಡವರನ್ನು ಸೋತವರಂತೆ ಮಾತನಾಡಿಸುವವರಿಗೆ ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ರಿಂಗ್‌ನೊಂದಿಗೆ ಬದುಕುವುದರ ಬಗ್ಗೆ ವೈದ್ಯರು ಹೇಳುವುದು ಕಡಿಮೆ, ಯಾಕೆಂದರೆ ಅದು ಮನೆಯಲ್ಲಿ ನಡೆಯುತ್ತದೆ. ಕಡ್ಡಿ ಚರ್ಮ ಹೊಕ್ಕುವ ಒಂದೊಂದು ತೂತನ್ನೂ ಸ್ವಚ್ಛವಾಗಿ ಇಟ್ಟುಕೊಳ್ಳಬೇಕು. ಸುತ್ತ ಕೆಂಪಾಗಿ, ಒತ್ತಿದರೆ ನೋವಾಗಿ, ನೀರು ಒಸರಿದರೆ ಕಾಯದೆ ತೋರಿಸಬೇಕು. ಪಾದ ಕೆಳಮುಖವಾಗಿ ಸೆಟೆದುಕೊಳ್ಳುತ್ತದೆ, ಕುದುರೆಯ ಗೊರಸಿನಂತೆ. ಒಂದು ಸಲ ಸೆಟೆದರೆ ಮೂಳೆ ಎಷ್ಟು ಚೆನ್ನಾಗಿ ಬೆಳೆದರೂ ನಡಿಗೆ ಕೆಡುತ್ತದೆ. ಅದಕ್ಕೆ ದಿನವೂ ಪಾದವನ್ನು ಮೇಲಕ್ಕೆ ಎಳೆಯುವ ವ್ಯಾಯಾಮ. ವೈದ್ಯರು ಒಪ್ಪಿದ ಮೇಲೆ ವಾಕರ್ ಹಿಡಿದು ಕಾಲೂರಿ ನಡೆಯಲೇಬೇಕು. ಭಾರ ಬಿದ್ದರೇ ಮೂಳೆ ಬಲಿಯುವುದು. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಂದ್. ತಂಬಾಕು ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಮೂಳೆ ಕೂಡುವುದನ್ನು ತಡಮಾಡುತ್ತದೆ ಎಂಬುದರಲ್ಲಿ ವೈದ್ಯರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಮಾತು, ನೆಂಟರ ಮನಸ್ಸಿಗೆ ನೋವಾದರೂ ಸರಿ. ನಮ್ಮ ಕಡೆ ಮೂಳೆ ಮುರಿದರೆ ಕಟ್ಟು ಹಾಕುವವರ ಬಳಿ ಹೋಗುವ ರೂಢಿ ಇನ್ನೂ ಗಟ್ಟಿಯಾಗಿದೆ. ಚರ್ಮ ಹರಿದು ಮೂಳೆ ಕಂಡಿದ್ದರೆ, ಬೆರಳುಗಳು ತಣ್ಣಗಾಗಿದ್ದರೆ, ಕಾಲು ಬಾತು ಬಿಗಿದಿದ್ದರೆ ಅಲ್ಲಿಗೆ ಹೋಗಲೇಬೇಡಿ. ಬಿಗಿಯಾದ ಬಿದಿರು ಕಟ್ಟಿನ ಒಳಗೆ ಬಾವು ಏರಿದರೆ ರಕ್ತ ಸಂಚಾರ ನಿಂತು, ಉಳಿಸಬಹುದಾಗಿದ್ದ ಕಾಲೂ ಕೊಳೆಯುತ್ತದೆ.

ಹನ್ನೆರಡನೆಯ ತಿಂಗಳು ವೈದ್ಯರು ರಿಂಗ್ ತೆಗೆಯಲಿಲ್ಲ. ರಾಡ್‌ಗಳನ್ನು ಸಡಿಲ ಮಾಡಿ, "ಈಗ ಭಾರವೆಲ್ಲ ನಿನ್ನ ಮೂಳೆಯ ಮೇಲೆ. ನಾಲ್ಕು ವಾರ ನಡೆದು ಬಾ" ಎಂದು ಕಳುಹಿಸಿದರು. ತಮ್ಮ ಅಂಗಳದಲ್ಲಿ ಸಂಪಿಗೆ ಮರದವರೆಗೆ ಹೋಗಿ ಬಂದು, "ಅಕ್ಕಾ, ನೋವಿಲ್ಲ" ಎಂದ. ಅಮ್ಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ನಾಲ್ಕು ವಾರದ ಮೇಲಿನ ಎಕ್ಸ್‌ರೇಯಲ್ಲಿ ಹಿಂದೆ ಮಂಜಿನಂತಿದ್ದ ಜಾಗಕ್ಕೆ ಗೆರೆ ಎಳೆದಂತೆ ಬಿಳಿಯ ಅಂಚು ಬಂದಿತ್ತು, ನಾಲ್ಕರಲ್ಲಿ ಮೂರು ಬದಿಗೆ. ಅಷ್ಟು ಸಾಕು ಎಂದು ರಿಂಗ್ ಬಿಚ್ಚಿದರು. ಆದರೆ ಮೊದಲ ಕೆಲವು ತಿಂಗಳು ಹೊಸ ಮೂಳೆ ಮತ್ತೆ ಮುರಿಯುವ ಭಯ ಇದ್ದೇ ಇರುತ್ತದೆ. ಅದಕ್ಕೇ ಅವನು ಈಗಲೂ ಹೊರಗೆ ಹೋಗುವಾಗ ಕಾಲಿಗೆ ಆಸರೆಯ ಬೆಲ್ಟ್ ಹಾಕಿಕೊಳ್ಳುತ್ತಾನೆ. ಎಡಗಾಲು ಒಂದು ಸೆಂಟಿಮೀಟರ್ ಗಿಡ್ಡ ಉಳಿದಿದೆ, ಚಪ್ಪಲಿ ಹೊಲಿಯುವವರು ಅಟ್ಟೆಗೆ ಒಂದು ಪದರ ಸೇರಿಸಿ ಕೊಟ್ಟಿದ್ದಾರೆ.